ಮೊದಲು ಅಕ್ಷರ ಬದಲಿಸಿ, ಸಾಫ್ಟ್‌ವೇರ್ ಆಮೇಲೆ

ಪ್ರಶ್ನೆ: ನಮ್ಮದು ರಾಣೆಬೆನ್ನೂರಿನಲ್ಲಿ ಪುಟ್ಟ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್, ಫ್ಲೆಕ್ಸ್ ಡಿಸೈನ್, ಪಾಸ್‌ಪೋರ್ಟ್ ಫೋಟೋ ಎಲ್ಲಾ ಮಾಡುತ್ತೇವೆ. ಇಷ್ಟು ವರ್ಷ ಯಾರೋ ಹಾಕಿಕೊಟ್ಟ ಕ್ರ್ಯಾಕ್ ಫೋಟೋಶಾಪ್, ಕೋರೆಲ್ ಡ್ರಾ, ಪೇಜ್‌ಮೇಕರ್‌ನಲ್ಲೇ ನಡೆಯಿತು. ಈಗ ಹೊಸ ಕಂಪ್ಯೂಟರ್ ತಗೊಂಡಿದ್ದೇವೆ, ಇದಕ್ಕೆ ಕ್ರ್ಯಾಕ್ ಹಾಕಬಾರದು ಅಂತ ನಾನೂ ನನ್ನ ಅಣ್ಣನೂ ತೀರ್ಮಾನಿಸಿದ್ದೇವೆ. ತಿಂಗಳು ತಿಂಗಳು ದುಡ್ಡು ಕಟ್ಟುವ ಶಕ್ತಿ ಇಲ್ಲ. ಪುಕ್ಕಟೆ ಸಿಗುವ ಜಿಂಪ್, ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಸರಿಯಾಗಿ ಬರುತ್ತದಾ? ಪ್ರೆಸ್‌ನವರು ಒಪ್ಪುತ್ತಾರಾ? ನಮ್ಮ ಹಳೆ ನುಡಿ ಫಾಂಟಿನ ಫೈಲ್‌ಗಳ ಗತಿ ಏನು? ಅಣ್ಣನ ಮಗಳು 3ಡಿ ಅನಿಮೇಷನ್ ಕಲಿಯಬೇಕು ಅಂತಾಳೆ, ಅದಕ್ಕೂ ಹೀಗೆ ಏನಾದರೂ ಇದೆಯಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಅಂಗಡಿಯ ಕೆಲಸ ಅಷ್ಟನ್ನೂ ಪುಕ್ಕಟೆ ಸಿಗುವ ಓಪನ್ ಸೋರ್ಸ್ (ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ) ಸಾಫ್ಟ್‌ವೇರ್‌ನಲ್ಲಿ ಮಾಡಬಹುದು. ನಾನು ಹದಿನೆಂಟು ವರ್ಷ ಡಿಟಿಪಿ ಮಾಡಿದವನು. ಮೊದಲರ್ಧ ನಿಮ್ಮ ಹಾಗೇ ಮಾಡಿದೆ, ಉಳಿದರ್ಧ ಇವುಗಳಲ್ಲೇ ಮಾಡಿದೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೀಗೆ ಬದಲಾಗಲು ಹೋಗಿ ಒಂದೇ ವಾರದಲ್ಲಿ ಹಳೆಯದಕ್ಕೇ ವಾಪಸಾದ ಅಂಗಡಿಗಳನ್ನು ಬಹಳ ನೋಡಿದ್ದೇನೆ. ಅವರೆಲ್ಲ ಎಡವಿದ್ದು ಸಾಫ್ಟ್‌ವೇರ್ ಕಷ್ಟ ಅಂತ ಅಲ್ಲ, ಫಾಂಟ್‌ನಿಂದ. ಅದಕ್ಕೇ ನುಡಿ ಫಾಂಟಿನ ಪ್ರಶ್ನೆಯನ್ನೇ ಮೊದಲು ತಗೊಳ್ಳುತ್ತೇನೆ.

ನಾವೆಲ್ಲ ಪೇಜ್‌ಮೇಕರ್‌ನಲ್ಲಿ ಬಳಸಿದ ಹಳೆ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳು ಆಸ್ಕಿ ಫಾಂಟ್‌ಗಳು. ಅಲ್ಲಿ ಕಂಪ್ಯೂಟರ್‌ಗೆ ನಾವು ಬರೆದದ್ದು ಕನ್ನಡ ಅಂತ ಗೊತ್ತೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಅಕ್ಷರದ ಮೈ ಒಂದು ಕಡೆ, ತಲೆಕಟ್ಟು ಇನ್ನೊಂದು ಕಡೆ, ಒತ್ತು ಮತ್ತೊಂದು ಕಡೆ. ಅವನ್ನು ಪಕ್ಕಪಕ್ಕ ಜೋಡಿಸಿದಾಗ ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ, ಗೊತ್ತಿರಲೇ ಇಲ್ಲ.

ಇದರ ಬೆಲೆ ನಾನು ಕೈಯಾರೆ ತೆತ್ತಿದ್ದೇನೆ. 2004ರಲ್ಲಿ ನಮ್ಮ ಕಡೆಯ ಒಂದು ಸಂಘಕ್ಕೆ 160 ಪುಟದ ಸ್ಮರಣ ಸಂಚಿಕೆ ಮಾಡಿಕೊಟ್ಟೆ. ಹನ್ನೆರಡು ವರ್ಷ ಕಳೆದ ಮೇಲೆ ಮತ್ತೆ ಅಚ್ಚು ಹಾಕಿಸಬೇಕು ಅಂತ ಬಂದರು. ಸಿಡಿ ಸಿಕ್ಕಿತು. ಫೈಲೂ ತೆರೆಯಿತು. ಫಾಂಟ್ ಮಾತ್ರ ಸಿಗಲಿಲ್ಲ. ಪುಟದ ತುಂಬಾ ತಲೆಬುಡ ಇಲ್ಲದ ಇಂಗ್ಲಿಷ್ ಗುರುತುಗಳು. ಅದೇ ಹೆಸರಿನ ಬೇರೆ ಆವೃತ್ತಿಯ ಫಾಂಟ್ ಹಾಕಿ ನೋಡಿದೆ. ಮುಕ್ಕಾಲು ಅಕ್ಷರ ಬಂದವು, ಒತ್ತುಗಳು ಅದಲುಬದಲಾದವು. ಕೊನೆಗೆ ಅಚ್ಚಾದ ಪುಸ್ತಕ ಹಿಡಿದು ನನ್ನ ಹೆಂಡತಿ ಓದುತ್ತಾ ಹೋದಳು, ನಾನು ಟೈಪ್ ಮಾಡುತ್ತಾ ಹೋದೆ. 19 ದಿನ ಹಿಡಿಯಿತು.

ಹಾಗಾಗಿ ಇವತ್ತಿನಿಂದ ಬರುವ ಹೊಸ ಕೆಲಸವನ್ನೆಲ್ಲ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನಿಮ್ಮ ಕೈಗೆ ಹೊಸ ಕೀಲಿಮಣೆ ಕಲಿಸಬೇಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಮುಂದೆ ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಆಯಿತು, ನುಡಿಯಲ್ಲಿ ಇರುವುದೂ ಅದೇ. ನುಡಿ ಟೈಪಿಂಗ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯಲ್ಲಿ ಯೂನಿಕೋಡ್ ಆಯ್ಕೆ ಇದೆ, ಬರಹದಲ್ಲೂ ಇದೆ. ಲಿನಕ್ಸ್‌ಗೆ ಹೋದರೂ ಕಗಪ ಸಿಗುತ್ತದೆ. ಬೆರಳು ಓಡುವುದು ಹಾಗೇ ಓಡುತ್ತದೆ, ಹಿಂದೆ ಉಳಿಯುವ ಅಕ್ಷರ ಮಾತ್ರ ಬೇರೆ.

ಒಂದೇ ಒಂದು ಹೊಸ ವಿಷಯ ಗಮನಿಸಬೇಕು. "ಕಾರ್ಯಕ್ರಮ" ಅಂತ ಬರೆದರೆ ಯ ಆದ ಮೇಲೆ ಅರ್ಕಾವತ್ತು ಬರಬೇಕು, ತಾನಾಗಿ ಬರುತ್ತದೆ. ಆದರೆ "ರ‍್ಯಾಲಿ", "ರ‍್ಯಾಂಕ್" ಬರೆಯುವಾಗ ಪೂರ್ತಿ ರ ಬಂದು ಅದರ ಕೆಳಗೆ ಯ ಒತ್ತು ಬರಬೇಕು. ಸುಮ್ನೆ ಟೈಪ್ ಮಾಡಿದರೆ "ರ್ಯಾಲಿ" ಆಗಿಬಿಡುತ್ತದೆ. ಅದಕ್ಕೆ ರ ಆದ ಮೇಲೆ ಜೋಡಿಸುವ ಒಂದು ಕಾಣದ ಗುರುತು ಬೇಕು. ಅದನ್ನು ಯಾವ ಕೀಲಿಯಿಂದ ಹಾಕಬೇಕು ಅಂತ ನಿಮ್ಮ ಟೈಪಿಂಗ್ ಸಾಫ್ಟ್‌ವೇರ್‌ನ ಸಹಾಯ ಪುಟದಲ್ಲಿ ನೋಡಿಕೊಳ್ಳಿ. ಮೊದಲ ಶಾಲಾ ಹ್ಯಾಂಡ್‌ಬಿಲ್‌ಗೇ ಇದು ಬೇಕಾಗುತ್ತದೆ.

ಹಳೆ ಫೈಲ್‌ಗಳನ್ನು ಒಟ್ಟಿಗೆ ಬದಲಿಸಲು ಕೂರಬೇಡಿ. ಗಿರಾಕಿ ಬಂದು ಕೇಳಿದ್ದನ್ನು ಮಾತ್ರ ಬದಲಿಸಿ. ಆಸ್ಕಿ ಪಠ್ಯವನ್ನು ಯೂನಿಕೋಡ್ ಮಾಡುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಪಠ್ಯವನ್ನು ಕಾಪಿ ಮಾಡಿ ಹಾಕಿದರೆ ಕನ್ನಡ ಬರುತ್ತದೆ. ಆದರೆ ಬಂದದ್ದನ್ನು ಹಾಗೇ ಅಚ್ಚಿಗೆ ಕಳಿಸಬೇಡಿ, ಒಂದು ಸಲ ಪ್ರೂಫ್ ನೋಡಲೇಬೇಕು. ಅರ್ಕಾವತ್ತು, ಅಂಕಿ, ಉದ್ಧರಣ ಚಿಹ್ನೆ, ಈ ಮೂರರಲ್ಲಿ ತಪ್ಪು ಜಾಸ್ತಿ. ಫೈಲ್ ತೆರೆಯುವ ವಿಷಯಕ್ಕೆ ಬಂದರೆ, ಕೋರೆಲ್ ಫೈಲ್‌ಗಳನ್ನು ಇಂಕ್‌ಸ್ಕೇಪ್ ತೆರೆಯುತ್ತದೆ. ಪೇಜ್‌ಮೇಕರ್ ಫೈಲ್‌ಗಳನ್ನು ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ. ಗೆರೆ, ಬಾರ್ಡರ್, ಲೋಗೋ ಚೆನ್ನಾಗಿಯೇ ಬರುತ್ತವೆ. ನೆರಳು, ಪಾರದರ್ಶಕ ಎಫೆಕ್ಟ್‌ಗಳು ಕೆಲವೊಮ್ಮೆ ಕಳಚಿಕೊಳ್ಳುತ್ತವೆ. ಹಳೆ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿದ್ದರೆ ಮುಖ್ಯವಾದ ಫೈಲ್‌ಗಳನ್ನೆಲ್ಲ ಈಗಲೇ ಪಿಡಿಎಫ್ ಮಾಡಿ ಎತ್ತಿಟ್ಟುಕೊಳ್ಳಿ.

ಈಗ ನಿಮ್ಮ ಮೊದಲ ಪ್ರಶ್ನೆ, ಕನ್ನಡ ಸರಿಯಾಗಿ ಬರುತ್ತದಾ? ಯೂನಿಕೋಡ್‌ನಲ್ಲಿ ನಾವು ಷ, ಆಮೇಲೆ ಹಲಂತ, ಆಮೇಲೆ ಠ ಅಂತ ಒಂದೊಂದಾಗಿ ಕೊಡುತ್ತೇವೆ. ಅವನ್ನು ಸೇರಿಸಿ "ಷ್ಠ" ಮಾಡುವುದು ಸಾಫ್ಟ್‌ವೇರ್‌ನ ಕೆಲಸ. ಆ ಕೆಲಸಕ್ಕೆ ಹಾರ್ಫ್‌ಬಜ್ ಅನ್ನುವ ಒಂದು ಓಪನ್ ಸೋರ್ಸ್ ಎಂಜಿನ್ ಇದೆ. ನಿಮ್ಮ ಆಂಡ್ರಾಯ್ಡ್ ಫೋನ್‌ನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಕನ್ನಡ ಸರಿಯಾಗಿ ಕಾಣುವುದು ಅದರಿಂದಲೇ. ಜಿಂಪ್, ಇಂಕ್‌ಸ್ಕೇಪ್, ಪುಟ ಕಟ್ಟುವ ಸ್ಕ್ರೈಬಸ್ ಮೂರೂ ಅದನ್ನೇ ಬಳಸುತ್ತವೆ. ಫೋಟೋಶಾಪ್‌ನಲ್ಲಿ ಸರಿಯಾದ ಟೈಪ್ ಸೆಟ್ಟಿಂಗ್ ಹುಡುಕಿ ಬದಲಿಸದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಇಲ್ಲಿ ಆ ಸೆಟ್ಟಿಂಗ್ ಹುಡುಕುವ ಕೆಲಸ ಇಲ್ಲ.

ಆದರೂ ನನ್ನ ಮಾತು ನಂಬಿ ಕೂರಬೇಡಿ. ಯಾವುದೇ ಹೊಸ ಫಾಂಟ್ ಹಾಕಿದಾಗ ನಾನು ಮೊದಲು ಒಂದೇ ಸಾಲು ಟೈಪ್ ಮಾಡುತ್ತೇನೆ: "ಶ್ರೀ ಕ್ಷೇತ್ರ, ಜ್ಯೇಷ್ಠ ಪುತ್ರಿ, ಸ್ವಾತಂತ್ರ್ಯ, ಕಾರ್ಯಕ್ರಮ, ರ‍್ಯಾಲಿ". ಈ ಸಾಲು ಸರಿಯಾಗಿ ಬಂದರೆ ಆ ಫಾಂಟ್ ಲಗ್ನಪತ್ರಿಕೆಗೆ ಬರುತ್ತದೆ. "ತಂತ್ರ್ಯ"ದಲ್ಲಿ ಎರಡು ಒತ್ತು ಒಂದರ ಮೇಲೊಂದು ಬೀಳುತ್ತಿದ್ದರೆ ಆ ಫಾಂಟ್ ಬಿಟ್ಟುಬಿಡಿ. ಫಾಂಟ್‌ಗೆ ಈಗ ಬರ ಇಲ್ಲ. ಒಳಪಠ್ಯಕ್ಕೆ ನೋಟೋ ಸೆರಿಫ್ ಕನ್ನಡ, ತೀರೋ ಕನ್ನಡ. ಫ್ಲೆಕ್ಸ್‌ಗೆ ದಪ್ಪ, ಗುಂಡಗಿನ ಬಲೂ ತಮ್ಮ. ಒಂದೇ ಕುಟುಂಬದಲ್ಲಿ ತೆಳುವಿನಿಂದ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಬೇಕೆಂದರೆ ಅನೇಕ್ ಕನ್ನಡ. ಕೈಬರಹದ ಹಾಗೆ ಬೇಕೆಂದರೆ ನವಿಲು. ಗುಬ್ಬಿ, ಕೇದಗೆ, ಮಲ್ಲಿಗೆ ಅನ್ನುವ ಹಳೆಯ ಓಪನ್ ಸೋರ್ಸ್ ಫಾಂಟ್‌ಗಳೂ ಇವೆ. ಇವನ್ನೆಲ್ಲ ದುಡ್ಡು ತಗೊಂಡು ಮಾಡುವ ಕೆಲಸಕ್ಕೆ ಧಾರಾಳವಾಗಿ ಬಳಸಬಹುದು. ಒಪ್ಪಿಕೊಳ್ಳಬೇಕಾದ ಮಾತು ಅಂದರೆ, ಹಳೆ ಆಸ್ಕಿ ಸಂಗ್ರಹದಲ್ಲಿದ್ದಷ್ಟು ಬಗೆಬಗೆಯ ಅಲಂಕಾರದ ಶೀರ್ಷಿಕೆ ಫಾಂಟ್‌ಗಳು ಇಲ್ಲಿ ಇನ್ನೂ ಇಲ್ಲ. "ಶುಭ ವಿವಾಹ" ಅನ್ನುವುದನ್ನು ನಾನು ಕೈಯಲ್ಲಿ ಬರೆಸಿ, ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ ಗೆರೆ ತೆಗೆದು ಇಟ್ಟುಕೊಂಡಿದ್ದೇನೆ. ಗಿರಾಕಿಗಳಿಗೆ ಅದೇ ಜಾಸ್ತಿ ಇಷ್ಟ.

ಕೋರೆಲ್‌ನ ಜಾಗಕ್ಕೆ ಇಂಕ್‌ಸ್ಕೇಪ್ ತಗೊಳ್ಳಿ. 2003ರಿಂದ ಬೆಳೆದು ಬಂದದ್ದು. 1.2ನೇ ಆವೃತ್ತಿಯಿಂದ ಒಂದೇ ಫೈಲ್‌ನಲ್ಲಿ ಹಲವು ಪುಟ ಇಡಬಹುದು, ಹಾಗಾಗಿ ಪತ್ರಿಕೆಯ ಹೊರಗು, ಒಳಗು, ಕವರ್ ಎಲ್ಲಾ ಒಟ್ಟಿಗೆ ಇರುತ್ತವೆ. ಕೋರೆಲ್‌ನಲ್ಲಿ "ಕರ್ವ್ಸ್ ಮಾಡಿ ಕೊಡಿ" ಅಂತಾರಲ್ಲ, ಇಲ್ಲಿ ಅದರ ಹೆಸರು ಆಬ್ಜೆಕ್ಟ್ ಟು ಪಾತ್. ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿದರೆ ಅಕ್ಷರಗಳು ಗೆರೆಗಳಾಗುತ್ತವೆ, ಆಮೇಲೆ ಅವನ್ನು ಟೈಪ್ ಮಾಡಿ ತಿದ್ದಲು ಆಗುವುದಿಲ್ಲ. ಕರ್ವ್ಸ್ ಮಾಡುವ ಮುಂಚೆ ಫೈಲ್‌ನ ಒಂದು ಪ್ರತಿ ಬೇರೆ ಹೆಸರಿನಲ್ಲಿ ಇಡಿ. ಮದುವೆ ಮನೆಯವರು ಕೊನೇ ಗಳಿಗೆಯಲ್ಲಿ ಹೆಸರು ಸೇರಿಸದೆ ಇರುವುದಿಲ್ಲ.

ಫೋಟೋಶಾಪ್‌ನ ಜಾಗಕ್ಕೆ ಜಿಂಪ್. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರುಮಾಡಿದ್ದು ಇದು. ಹಳೆ ಜಿಂಪ್ ನೋಡಿ ಬೇಜಾರಾಗಿದ್ದರೆ 2025ರ ಮಾರ್ಚ್‌ನಲ್ಲಿ ಬಂದ 3.0 ಹಾಕಿ ನೋಡಿ. ಅಕ್ಷರದ ಸುತ್ತ ಬಿಳಿ ಅಂಚು ಕೊಡುವುದು ಈಗ ಟೆಕ್ಸ್ಟ್ ಟೂಲ್‌ನಲ್ಲೇ ಇದೆ. ಹಾಕಿದ ನೆರಳನ್ನು ಆಮೇಲೆ ಬೇಕಾದಾಗ ಬದಲಿಸಬಹುದು. ಪಾಸ್‌ಪೋರ್ಟ್ ಫೋಟೋಗೆ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ, 300 ಡಿಪಿಐ ಇಟ್ಟರೆ 413 × 531 ಪಿಕ್ಸೆಲ್ ಬರುತ್ತದೆ. ಇದನ್ನು ಒಂದು ಟೆಂಪ್ಲೇಟ್ ಮಾಡಿ ಇಟ್ಟುಕೊಳ್ಳಿ. ಮೊದಲ ಹದಿನೈದು ದಿನ ಕೈ ತಡವರಿಸುತ್ತದೆ, ಯಾಕೆಂದರೆ ಶಾರ್ಟ್‌ಕಟ್‌ಗಳು ಬೇರೆ. ಎಡಿಟ್ ಮೆನುವಿನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್‌ಗೆ ಹೋಗಿ ನಿಮ್ಮ ಕೈಗೆ ಒಗ್ಗಿದ್ದನ್ನೇ ಹಾಕಿಕೊಳ್ಳಬಹುದು. ಚಿತ್ರ ಬಿಡಿಸುವ ಹುಡುಗರು ಯಾರಾದರೂ ನಿಮ್ಮಲ್ಲಿ ಇದ್ದರೆ ಅವರಿಗೆ ಕೃತಾ ಹಾಕಿಕೊಡಿ, ಬ್ರಷ್ ಕೆಲಸಕ್ಕೆ ಅದು ಜಿಂಪ್‌ಗಿಂತ ಎಷ್ಟೋ ಮೇಲು.

ಇನ್ನು ಪ್ರೆಸ್‌ನವರು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ದುಡ್ಡು ಹೋಗುವುದು ಇಲ್ಲೇ. ಫ್ಲೆಕ್ಸ್‌ಗೆ ತಲೆನೋವಿಲ್ಲ. ಬಹಳಷ್ಟು ಕಡೆ ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದ) ಜೆಪೆಗ್ ತಗೊಳ್ಳುತ್ತಾರೆ, ಮಷೀನಿನ ಸಾಫ್ಟ್‌ವೇರೇ ಬಣ್ಣ ಬದಲಿಸಿಕೊಳ್ಳುತ್ತದೆ. ಆಫ್‌ಸೆಟ್ ಹಾಗಲ್ಲ, ಅಲ್ಲಿ ಸಿಎಂವೈಕೆ, ಅಂದರೆ ನೀಲಿ, ಕೆಂಪು, ಹಳದಿ, ಕಪ್ಪು ಶಾಯಿಗಳ ಲೆಕ್ಕ ಬೇಕು, ಒಂದೊಂದಕ್ಕೂ ಒಂದು ಪ್ಲೇಟ್. ಇಂಕ್‌ಸ್ಕೇಪ್ ಕೆಲಸ ಮಾಡುವುದು ಆರ್‌ಜಿಬಿಯಲ್ಲಿ. ಅದರ ಪಿಡಿಎಫ್ ಅನ್ನು ನೇರವಾಗಿ ಪ್ಲೇಟ್ ಹಾಕಲು ಕೊಟ್ಟರೆ ಪರದೆಯ ಕಪ್ಪು ನಾಲ್ಕು ಬಣ್ಣಕ್ಕೂ ಹಂಚಿಹೋಗುತ್ತದೆ. ಅಂದರೆ ನಾಲ್ಕೂ ಪ್ಲೇಟಿನಲ್ಲಿ ಅದೇ ಅಕ್ಷರ. ಒಂದು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತದೆ. ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ನಮ್ಮ ಒತ್ತಕ್ಷರ ತಡೆಯುವುದಿಲ್ಲ. 8 ಪಾಯಿಂಟ್‌ನಲ್ಲಿ "ಜ್ಯೇಷ್ಠ" ಬರೆದು ಹೀಗೆ ಅಚ್ಚು ಹಾಕಿಸಿದರೆ ಠ ಒತ್ತಿನ ಒಳಗಿನ ಸಾಸಿವೆಯಷ್ಟು ಜಾಗ ಮುಚ್ಚಿಹೋಗುತ್ತದೆ, ಓದುವವರಿಗೆ ಬರೀ ಒಂದು ಕಪ್ಪು ಚುಕ್ಕೆ ಕಾಣುತ್ತದೆ.

ಇದಕ್ಕೆ ಸ್ಕ್ರೈಬಸ್ ಬೇಕು. ಪೇಜ್‌ಮೇಕರ್‌ನ ಜಾಗದಲ್ಲಿ ನಿಲ್ಲುವುದೂ ಇದೇ. 2001ರಲ್ಲಿ ಶುರುವಾದಾಗಿನಿಂದ ಇದನ್ನು ಬೆಳೆಸಿರುವುದೇ ಅಚ್ಚಿನ ಮನೆಗೆ ಅಂತ. ಬಹಳ ವರ್ಷ ಇದರಲ್ಲಿ ಕನ್ನಡದ ಒತ್ತು ಕೂರುತ್ತಿರಲಿಲ್ಲ, ಆ ಹೆಸರು ಇನ್ನೂ ಹೋಗಿಲ್ಲ. ಅರಬ್ಬಿ ಬರಹಕ್ಕೂ ಇದೇ ತೊಂದರೆ ಇತ್ತು. ಓಮಾನ್‌ನ ಒಂದು ತಂಡ ಕೈಹಾಕಿ ಹಾರ್ಫ್‌ಬಜ್ ಜೋಡಿಸಿತು. ಅವರು ತಮ್ಮ ಭಾಷೆಗೆ ಮಾಡಿಕೊಂಡ ಕೆಲಸದಿಂದ ನಮ್ಮ ಭಾಷೆಗೂ ದಾರಿ ಆಯಿತು. ಈ ಸಂಗತಿ ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿಬರುತ್ತದೆ. ಕೊಳ್ಳುವವರು ಕಡಿಮೆ ಅಂತ ಯಾವ ಕಂಪನಿಯೂ ಮುಟ್ಟದ ಕೆಲಸವನ್ನು ಇಲ್ಲಿ ಬೇಕಾದವರೇ ಮಾಡಿಕೊಳ್ಳಬಹುದು, ಮಾಡಿದ್ದು ಎಲ್ಲರಿಗೂ ಸಿಗುತ್ತದೆ. 2024ರ ಜನವರಿಯಲ್ಲಿ ಬಂದ 1.6 ಅಥವಾ ಅದಕ್ಕಿಂತ ಹೊಸದನ್ನೇ ಹಾಕಿ. 1.4 ಯಾರಾದರೂ ಕೊಟ್ಟರೆ ಬೇಡ ಅನ್ನಿ.

ನಾನು ಮಾಡುವ ಕ್ರಮ ಹೀಗೆ. ಬಾರ್ಡರ್, ಗಣಪತಿ, ಶೀರ್ಷಿಕೆ ಎಲ್ಲಾ ಇಂಕ್‌ಸ್ಕೇಪ್‌ನಲ್ಲಿ ಮಾಡಿ ಕರ್ವ್ಸ್ ಮಾಡುತ್ತೇನೆ. ಆ ಎಸ್‌ವಿಜಿ (ಇಂಕ್‌ಸ್ಕೇಪ್ ಉಳಿಸುವ) ಫೈಲನ್ನು ಸ್ಕ್ರೈಬಸ್‌ಗೆ ತರುತ್ತೇನೆ. ಒಳಗಿನ ಪಠ್ಯವನ್ನು ಸ್ಕ್ರೈಬಸ್‌ನಲ್ಲೇ ಟೈಪ್ ಮಾಡಿ ಅದರ ಪಟ್ಟಿಯಲ್ಲಿರುವ ಬ್ಲ್ಯಾಕ್ ಬಣ್ಣ ಕೊಡುತ್ತೇನೆ. ಅದು ಒಂದೇ ಪ್ಲೇಟಿನ ಕಪ್ಪು. ಆಮೇಲೆ ಎಡಿಟ್ ಮೆನುವಿನ ಬಣ್ಣಗಳ ಪಟ್ಟಿ ತೆರೆದರೆ "ಫ್ರಮ್ ಎಸ್‌ವಿಜಿ" ಅಂತ ಶುರುವಾಗುವ ಹೆಸರುಗಳು ಕಾಣುತ್ತವೆ. ಇಂಕ್‌ಸ್ಕೇಪ್‌ನಿಂದ ಬಂದ ಆರ್‌ಜಿಬಿ ಬಣ್ಣಗಳು ಅವು. ಒಂದೊಂದನ್ನೂ ತೆರೆದು ಸಿಎಂವೈಕೆ ಮಾಡಿ, ಅಂಕಿಗಳನ್ನು ದುಂಡಗೆ ಮಾಡುತ್ತೇನೆ. ಅರಿಶಿನದ ಹಳದಿಗೆ ಹಳದಿ 100, ಕೆಂಪು ಶಾಯಿ 15ರ ಹತ್ತಿರ. ಕುಂಕುಮಕ್ಕೆ ಎರಡೂ 100. ಕೊನೆಗೆ ಪ್ರಿಂಟ್ ಪ್ರಿವ್ಯೂನಲ್ಲಿ ಒಂದೊಂದೇ ಪ್ಲೇಟನ್ನು ಮರೆಮಾಡಿ ನೋಡುತ್ತೇನೆ. ಕಪ್ಪು ಪ್ಲೇಟ್ ಮರೆಮಾಡಿದಾಗ ಒಳಪಠ್ಯ ಪೂರ್ತಿ ಮಾಯವಾದರೆ ಕೆಲಸ ಸರಿಯಾಗಿದೆ. ಆ ಪ್ರಿವ್ಯೂ ನಡೆಯಲು ಘೋಸ್ಟ್‌ಸ್ಕ್ರಿಪ್ಟ್ ಅನ್ನುವುದನ್ನೂ ಹಾಕಿಕೊಂಡಿರಬೇಕು, ಅದೂ ಪುಕ್ಕಟೆಯೇ. ಪಿಡಿಎಫ್ ತೆಗೆಯುವಾಗ ಔಟ್‌ಪುಟ್ ಪ್ರಿಂಟರ್ ಅಂತ ಇಡಿ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಕೊಡಿ, ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಕ್ರಾಪ್ ಮಾರ್ಕ್ ಹಾಕಿ.

ಕೆಲವು ಪ್ರೆಸ್‌ನವರು "ಕೋರೆಲ್ ಫೈಲೇ ಬೇಕು" ಅಂತ ಹಟ ಹಿಡಿಯುತ್ತಾರೆ. ಅವರಿಗೆ ಬೇಕಾದದ್ದು ತಿದ್ದುವ ಅನುಕೂಲ. ಒಂದು ಸಲ ಸರಿಯಾದ ಪಿಡಿಎಫ್ ಕೊಟ್ಟು, ತಿದ್ದುಪಡಿ ಇದ್ದರೆ ನಾನೇ ಹತ್ತು ನಿಮಿಷದಲ್ಲಿ ಮಾಡಿ ಕಳಿಸುತ್ತೇನೆ ಅಂತ ಹೇಳಿ. ನನ್ನ ಅನುಭವದಲ್ಲಿ ಮೂರನೇ ಕೆಲಸದ ಹೊತ್ತಿಗೆ ಆ ಮಾತು ನಿಂತುಹೋಯಿತು.

ಕ್ರ್ಯಾಕ್ ಬೇಡ ಅಂತ ನೀವು ತೀರ್ಮಾನಿಸಿದ್ದು ತುಂಬಾ ಒಳ್ಳೆಯದು. ಗೊತ್ತಿದ್ದೂ ಕಳ್ಳ ಪ್ರತಿಯ ಸಾಫ್ಟ್‌ವೇರ್ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಇನ್ನೊಂದು ಅನುಮಾನವನ್ನೂ ಬಹಳ ಜನ ಕೇಳುತ್ತಾರೆ: ಪುಕ್ಕಟೆ ಸಾಫ್ಟ್‌ವೇರ್‌ನಿಂದ ದುಡ್ಡು ಸಂಪಾದಿಸಬಹುದಾ? ಖಂಡಿತ ಸಂಪಾದಿಸಬಹುದು. ಲೈಸೆನ್ಸ್‌ನಲ್ಲೇ ಅದಕ್ಕೆ ಒಪ್ಪಿಗೆ ಇದೆ, ನೀವು ಮಾಡಿದ ಡಿಸೈನ್ ನಿಮ್ಮದು. ಕ್ಯಾನ್ವಾ, ಫೋಟೋಪಿಯಾ ಕೂಡ ದುಡ್ಡಿಲ್ಲದೆ ಬಳಸಲು ಸಿಗುತ್ತವೆ, 2025ರ ಅಕ್ಟೋಬರ್‌ನಿಂದ ಅಫಿನಿಟಿಯೂ ಹಾಗೇ ಸಿಗುತ್ತಿದೆ. ಬಳಸಿ, ತಪ್ಪಿಲ್ಲ. ಆದರೆ ಅವು ಓಪನ್ ಸೋರ್ಸ್ ಅಲ್ಲ. ನಾಳೆ ಕಂಪನಿ ಮನಸ್ಸು ಬದಲಿಸಿದರೆ ನಿಮ್ಮ ಫೈಲ್ ತೆರೆಯುವ ಕೀಲಿಕೈ ಅವರ ಹತ್ತಿರ ಇರುತ್ತದೆ. 2013ರಲ್ಲಿ ಫೋಟೋಶಾಪ್ ಮಾಡುವ ಅಡೋಬಿ ಒಂದೇ ಸಲ ಕೊಳ್ಳುವ ಪದ್ಧತಿ ಬಿಟ್ಟು ಚಂದಾ ಪದ್ಧತಿಗೆ ಹೋದಾಗ ಕೊಂಡುಕೊಂಡವರ ಗತಿ ಏನಾಯಿತು ಅಂತ ನಾವೆಲ್ಲ ನೋಡಿದ್ದೇವೆ.

ಇನ್ನು ನಿಮ್ಮ ಅಣ್ಣನ ಮಗಳು. ಅವಳಿಗೆ ಬ್ಲೆಂಡರ್ ಹಾಕಿಕೊಡಿ, ಯೋಚನೆಯೇ ಬೇಡ. ಇದು ಮೊದಲು ಒಂದು ಕಂಪನಿಯ ಸೊತ್ತಾಗಿತ್ತು. ಕಂಪನಿ ಮುಳುಗಿತು. ಅದನ್ನು ಕಟ್ಟಿದ ನೆದರ್‌ಲ್ಯಾಂಡ್ಸ್‌ನ ಟೋನ್ ರೋಸೆಂಡಾಲ್ 2002ರಲ್ಲಿ ಜನರ ಮುಂದೆ ಕೈಚಾಚಿದರು. 1 ಲಕ್ಷ ಯೂರೋ ಕೊಟ್ಟರೆ ಸಾಫ್ಟ್‌ವೇರ್‌ನ ಹಕ್ಕು ಬಿಡಿಸಿಕೊಳ್ಳಬಹುದು ಅಂದರು. ಬಳಸುವವರೇ ಸೇರಿ ಏಳು ವಾರದಲ್ಲಿ ಆ ಹಣ ಕೂಡಿಸಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಬ್ಲೆಂಡರ್ ಎಲ್ಲರದಾಯಿತು. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರ ಅಂತ ಆಸ್ಕರ್ ಪಡೆದ ಲಾಟ್ವಿಯಾದ "ಫ್ಲೋ" ಚಿತ್ರವನ್ನು ಮಾಡಿದ್ದು ಬ್ಲೆಂಡರ್‌ನಲ್ಲೇ. ಅಷ್ಟು ದೊಡ್ಡ ಕೆಲಸಕ್ಕೆ ಬಳಸಿದ ಅದೇ ಸಾಧನ ರಾಣೆಬೆನ್ನೂರಿನ ಹುಡುಗಿಗೂ ಒಂದು ರೂಪಾಯಿ ಖರ್ಚಿಲ್ಲದೆ ಪೂರ್ತಿಯಾಗಿ ಸಿಗುತ್ತದೆ.

ಅವಳಿಗೆ ಒಂದು ಉಪಾಯ ಹೇಳಿಕೊಡಿ. ಮೊದಲ ದಿನವೇ ತನ್ನ ಹೆಸರನ್ನು 3ಡಿಯಲ್ಲಿ ಬರೆಯಲು ಕೂರುತ್ತಾಳೆ, ಎಲ್ಲ ಮಕ್ಕಳೂ ಅದನ್ನೇ ಮಾಡುತ್ತಾರೆ. ನಾನು ಬಳಸಿ ನೋಡಿದ ಆವೃತ್ತಿಗಳಲ್ಲಿ ಬ್ಲೆಂಡರ್‌ನ ಟೆಕ್ಸ್ಟ್‌ಗೆ ಕನ್ನಡದ ಒತ್ತು ಜೋಡಿಸಲು ಬರುವುದಿಲ್ಲ. ಅಲ್ಲೇ ಟೈಪ್ ಮಾಡಿದರೆ ಅಕ್ಷರಗಳು ಬಿಡಿಬಿಡಿಯಾಗಿ ನಿಂತು ಮಗುವಿಗೆ ಬೇಸರವಾಗುತ್ತದೆ. ನೀವು ಇಂಕ್‌ಸ್ಕೇಪ್‌ನಲ್ಲಿ ಅವಳ ಹೆಸರನ್ನು ಬಲೂ ತಮ್ಮ ಫಾಂಟಿನಲ್ಲಿ ಟೈಪ್ ಮಾಡಿ, ಕರ್ವ್ಸ್ ಮಾಡಿ, ಎಸ್‌ವಿಜಿ ಉಳಿಸಿಕೊಡಿ. ಅವಳು ಅದನ್ನು ಬ್ಲೆಂಡರ್‌ಗೆ ತಂದು ಎಕ್ಸ್‌ಟ್ರೂಡ್‌ನಲ್ಲಿ ದಪ್ಪ ಕೊಡಲಿ. ಎಸ್‌ವಿಜಿ ತುಂಬಾ ಸಣ್ಣದಾಗಿ ಬರುತ್ತದೆ, ಕಾಣಲಿಲ್ಲ ಅಂತ ಗಾಬರಿ ಬೇಡ, ಹಿಗ್ಗಿಸಿಕೊಳ್ಳಲಿ.

ಅಂಗಡಿಗೆ ಬರುವುದಾದರೆ, ಲಗ್ನದ ಸೀಸನ್‌ನಲ್ಲಿ ಇದನ್ನು ಶುರುಮಾಡಬೇಡಿ. ಕೆಲಸ ಕಡಿಮೆ ಇರುವ ಆಷಾಢ ಒಳ್ಳೆಯದು. ವಿಂಡೋಸ್ ಇರುವುದು ಇರಲಿ, ಈ ಎಲ್ಲವೂ ಅದರಲ್ಲೇ ನಡೆಯುತ್ತವೆ. ಮೊದಲ ವಾರ ಯೂನಿಕೋಡ್ ಟೈಪಿಂಗ್ ಮತ್ತು ಬಿಲ್ ಬುಕ್ ಮಾತ್ರ, ಅದು ಒಂದೇ ಬಣ್ಣದ ಕೆಲಸ, ತಪ್ಪಿದರೂ ನಷ್ಟ ಕಡಿಮೆ. ಎರಡನೇ ವಾರ ಫ್ಲೆಕ್ಸ್. ಅದಾದ ಮೇಲೆ ನಿಮ್ಮದೇ ಅಂಗಡಿಯ ವಿಸಿಟಿಂಗ್ ಕಾರ್ಡ್ ಒಂದನ್ನು ಸ್ಕ್ರೈಬಸ್‌ನಲ್ಲಿ ಮಾಡಿ, 8 ಪಾಯಿಂಟ್‌ನಲ್ಲಿ ಆ ಪರೀಕ್ಷೆಯ ಸಾಲನ್ನೂ ಹಿಂಬದಿಯಲ್ಲಿ ಹಾಕಿ, ನೀವು ದಿನಾ ಕೆಲಸ ಕೊಡುವ ಪ್ರೆಸ್‌ನಲ್ಲೇ ಅಚ್ಚು ಹಾಕಿಸಿ. ಬಂದ ಕಾರ್ಡನ್ನು ಬಿಸಿಲಿಗೆ ಹಿಡಿದು "ಜ್ಯೇಷ್ಠ"ದ ಒತ್ತು ನೋಡಿ. ಒಳಗಿನ ಜಾಗ ಬೆಳ್ಳಗೆ ಕಂಡರೆ ಮುಂದಿನ ಲಗ್ನಪತ್ರಿಕೆಯ ಆರ್ಡರ್ ಧೈರ್ಯವಾಗಿ ತಗೊಳ್ಳಿ.